ಚೆಂಡು ಹೆಕ್ಕುತ್ತಿದ್ದ ಹುಡುಗ ಹಾಶಿಂ

ಚೆಟ್ಟಳ್ಳಿಯ ನಮ್ಮ ಮನೆಯಲ್ಲಿ ಕ್ರಿಕೆಟಿಗರ ಹೆಸರುಗಳಿಗಿಂತ ಮೊದಲು ನನ್ನ ಕಿವಿಗೆ ಬಿದ್ದದ್ದು ಹಾಶಿಂ ಖಾನ್ ಎಂಬ ಹೆಸರು. ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಈ ಊರಿನಲ್ಲಿ, ಕಾಫಿ, ಕಿತ್ತಳೆ, ಕರಿಮೆಣಸಿನ ನಡುವೆ, ದೂರದ ಪೆಶಾವರದ ಪಠಾಣರೊಬ್ಬರ ಹೆಸರು ಮನೆಮಾತಾಗಲು ಕಾರಣ ನನ್ನ ಅಜ್ಜ. ಅವರು ಪ್ಲಾಂಟರುಗಳ ಕ್ಲಬ್ಬೊಂದರಲ್ಲಿ ಮಾರ್ಕರ್ ಆಗಿದ್ದರು. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಅಂಥ ಕ್ಲಬ್ಬುಗಳೆಲ್ಲ ಹೆಚ್ಚು ಕಡಿಮೆ ಒಂದೇ ಬಗೆಯವು.

ಮಾರ್ಕರ್ ಎಂದರೆ ಯಾರೆಂದು ಇಂದಿನ ಓದುಗರಿಗೆ ತುಸು ವಿವರಿಸಬೇಕಾದೀತು. ಬಿಲಿಯರ್ಡ್ಸ್ ಮೇಜಿನ ಪಕ್ಕದಲ್ಲಿ ನಿಂತು ಅಂಕ ಎಣಿಸುವವನು, ಟೆನಿಸ್ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುವವನು, ರ‍್ಯಾಕೆಟ್ಟಿನ ತಂತಿ ಬಿಗಿಯುವವನು, ಜೊತೆಗಾರ ಸಿಗದ ಸಂಜೆ ಸದಸ್ಯರ ಎದುರು ನಿಂತು ಆಡುವವನು ಮಾರ್ಕರ್. ಆಡುವಾಗ ಎಷ್ಟು ಗೆಲ್ಲಬೇಕು, ಎಲ್ಲಿ ಸೋಲಬೇಕು ಎಂಬ ಲೆಕ್ಕವೂ ಅವನಿಗೆ ಗೊತ್ತಿರಬೇಕು. ಆ ಕ್ಲಬ್ಬಿನಲ್ಲಿ ಆಟವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ನನ್ನ ಅಜ್ಜ. ಆದರೆ ಅಲ್ಲಿನ ಪಂದ್ಯಾವಳಿಯ ಫಲಕದಲ್ಲಿ ಅವರ ಹೆಸರು ಬರುವುದು ಸಾಧ್ಯವಿರಲಿಲ್ಲ. ಮಾರ್ಕರನಿಗೆ ಪಂದ್ಯಾವಳಿಯಲ್ಲಿ ಪ್ರವೇಶವಿಲ್ಲ. ಅವನು ಬರುವುದು ಹಿಂದಿನ ಬಾಗಿಲಿನಿಂದ.

1951ರಲ್ಲಿ ಕ್ಲಬ್ಬಿನ ಸದಸ್ಯರೊಬ್ಬರು ಓದಿ ಬಿಸಾಡಿದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಜ್ಜ ಒಂದು ಚಿತ್ರ ಕಂಡರು. ಕುಳ್ಳಗಿನ, ನೆತ್ತಿಯ ಮೇಲೆ ಕೂದಲು ವಿರಳವಾಗಿದ್ದ ಒಬ್ಬ ಆಟಗಾರ ಲಂಡನ್ನಿನಲ್ಲಿ ಸ್ಕ್ವಾಷ್ ಆಟದ ದೊಡ್ಡ ಪ್ರಶಸ್ತಿ ಗೆದ್ದಿದ್ದರು. ಚಿತ್ರದ ಕೆಳಗಿನ ಬರಹವನ್ನು ಅಜ್ಜನಿಗೆ ಯಾರೋ ಓದಿ ಹೇಳಿದರು. ಗೆದ್ದವರೂ ತನ್ನಂತೆ ಕ್ಲಬ್ಬಿನ ಕೆಲಸದವರು ಎಂಬುದಷ್ಟೇ ಅವರಿಗೆ ಮುಖ್ಯವಾಯಿತು. ಆ ಚಿತ್ರ ತಂತಿ ಇಡುವ ತಗಡಿನ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಕೊಂಡು ಬಹಳ ಕಾಲ ಅಲ್ಲೇ ಇತ್ತು. ಹಾಶಿಂ ಖಾನರ ಬದುಕನ್ನು ನಾನು ಹುಡುಕಿ ಓದಿದ್ದು ಆ ಪೆಟ್ಟಿಗೆಯ ಋಣಕ್ಕೆ.

ಪೆಶಾವರದ ಹತ್ತಿರ ನವಾಕಿಲೆ ಎಂಬ ಸಣ್ಣ ಹಳ್ಳಿ. ಹಾಶಿಂ ಹುಟ್ಟಿದ್ದು ಅಲ್ಲಿ. ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. 1914 ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ವರ್ಷ. ಅದಕ್ಕಿಂತ ಕೆಲವು ವರ್ಷ ಹಿಂದೆ ಎನ್ನುವವರೂ ಇದ್ದಾರೆ. ತಂದೆ ಅಬ್ದುಲ್ಲಾ ಖಾನ್ ಪೆಶಾವರದ ಬ್ರಿಟಿಷ್ ಅಧಿಕಾರಿಗಳ ಕ್ಲಬ್ಬಿನಲ್ಲಿ ಮುಖ್ಯ ಪರಿಚಾರಕರಾಗಿದ್ದರು. ವಾಯವ್ಯ ಗಡಿ ಅಂದರೆ ಆ ಕಾಲದಲ್ಲಿ ದೊಡ್ಡ ಸೈನ್ಯದ ಬೀಡು. ಕೊಡಗಿನವರಿಗೆ ಆ ಸೀಮೆ ತೀರ ಅಪರಿಚಿತವೇನಲ್ಲ. ನಮ್ಮ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರು ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆ ಬನ್ನು ಬ್ರಿಗೇಡಿನ ಮುಖ್ಯಸ್ಥರಾಗಿದ್ದದ್ದು ಆ ಗಡಿಯಲ್ಲೇ. ಸೈನ್ಯ ಇದ್ದಲ್ಲಿ ಮೆಸ್ಸು, ಮೆಸ್ಸಿದ್ದಲ್ಲಿ ಆಟದ ಅಂಗಳ. ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಸ್ಕ್ವಾಷ್, ಹೀಗೆ ಸೈನಿಕ ಅಧಿಕಾರಿಗಳ ಸಾಮಾನಿನ ಜೊತೆ ಸಾಮ್ರಾಜ್ಯದ ಮೂಲೆಮೂಲೆಗೂ ಹೋಯಿತು.

ಆಟ ನೋಡದವರಿಗಾಗಿ ಎರಡು ಮಾತು. ಮೂವತ್ತೆರಡು ಅಡಿ ಉದ್ದ, ಇಪ್ಪತ್ತೊಂದು ಅಡಿ ಅಗಲದ ಕೋಣೆ. ನಾಲ್ಕು ಕಡೆ ಗೋಡೆ. ನಡುವೆ ಬಲೆ ಇಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ, ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ಆಡುತ್ತಾರೆ. ಸಣ್ಣ ರಬ್ಬರ್ ಚೆಂಡನ್ನು ಸರದಿಯಂತೆ ಎದುರುಗೋಡೆಗೆ ಹೊಡೆಯಬೇಕು; ಎರಡನೆಯ ಬಾರಿ ನೆಲಕ್ಕೆ ಬಡಿಯುವ ಮೊದಲು ಎದುರಾಳಿ ಅದನ್ನು ಮತ್ತೆ ಗೋಡೆಗೆ ಕಳಿಸಬೇಕು. ಟೆನಿಸ್ಸಿನಂತೆ ಚೆಂಡು ಅಂಗಳ ದಾಟಿ ಓಡಿಹೋಗುವುದಿಲ್ಲ, ಗೋಡೆ ಅದನ್ನು ಹಿಂದಿರುಗಿಸುತ್ತಲೇ ಇರುತ್ತದೆ. ಆದ್ದರಿಂದ ಉಸಿರಿಗೆ ಬಿಡುವು ಕಡಿಮೆ.

ಪೆಶಾವರದ ಕ್ಲಬ್ಬಿನ ಕೋರ್ಟುಗಳಿಗೆ ಮಾತ್ರ ಮಾಡು ಇರಲಿಲ್ಲ. ಇಟ್ಟಿಗೆಯ ನೆಲ, ಮೇಲೆ ಬಯಲು ಆಕಾಶ. ಅಧಿಕಾರಿಗಳು ಎತ್ತರಕ್ಕೆ ಹೊಡೆದ ಚೆಂಡು ಗೋಡೆ ಹಾರಿ ಆಚೆ ಬೀಳುತ್ತಿತ್ತು. ತಂದೆಯ ಬೆನ್ನು ಹಿಡಿದು ಕ್ಲಬ್ಬಿಗೆ ಹೋಗುತ್ತಿದ್ದ ಪುಟ್ಟ ಹಾಶಿಂ ಆ ಚೆಂಡುಗಳನ್ನು ಹೆಕ್ಕಿ ತರುತ್ತಿದ್ದ. ಹನ್ನೊಂದರ ಪ್ರಾಯದಲ್ಲಿ ತಂದೆ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಶಾಲೆ ಅಲ್ಲಿಗೆ ಮುಗಿಯಿತು. ಚೆಂಡು ಹೆಕ್ಕುವುದು, ಕೋರ್ಟು ಗುಡಿಸುವುದೇ ಸಂಬಳದ ಕೆಲಸವಾಯಿತು.

ಅವನ ಆಟ ಶುರುವಾದದ್ದು ಅಧಿಕಾರಿಗಳು ಇಲ್ಲದ ಹೊತ್ತಿನಲ್ಲಿ. ಪೆಶಾವರದ ಬೇಸಿಗೆಯ ನಡು ಮಧ್ಯಾಹ್ನ ಯಾವ ಸಾಹೇಬನೂ ಕೋರ್ಟಿನ ಹತ್ತಿರ ಸುಳಿಯುತ್ತಿರಲಿಲ್ಲ. ಆಗ ಕಾದ ಇಟ್ಟಿಗೆಯ ಮೇಲೆ ಬರಿಗಾಲಿನಲ್ಲಿ, ಬಿಸಾಡಿದ ರ‍್ಯಾಕೆಟ್ಟು, ಒಡೆದ ಚೆಂಡು ಹಿಡಿದು ಹುಡುಗ ಒಬ್ಬನೇ ಆಡುತ್ತಿದ್ದ. ಎದುರಾಳಿ ಇಲ್ಲವೆಂದು ತಾನೇ ಎರಡೂ ಕಡೆಯವನಾಗಿ ಅಂಕ ಎಣಿಸುತ್ತಿದ್ದ. ಯಾರೂ ಕಲಿಸಲಿಲ್ಲ. ಆಡುವವರ ಕಾಲು, ಮಣಿಕಟ್ಟು, ಭುಜಗಳನ್ನು ವರ್ಷಗಟ್ಟಲೆ ಗೋಡೆಯ ಮೇಲಿನಿಂದ ನೋಡಿದ್ದೇ ಪಾಠ. ಮುಂದೆ ಆತನ ಹೆಸರಾದ ಗುಣಗಳು, ಅಂದರೆ ಚೆಂಡು ಎಲ್ಲಿಗೆ ಬಂದೀತೆಂದು ಮೊದಲೇ ಊಹಿಸುವುದು ಮತ್ತು ಎಂಥ ಚೆಂಡನ್ನೂ ಬೆನ್ನಟ್ಟಿ ಹಿಡಿಯುವ ವೇಗ, ಚೆಂಡು ಹೆಕ್ಕುವ ಕೆಲಸದಿಂದಲೇ ಬಂದವು ಎಂದು ನನಗೆ ಅನಿಸುತ್ತದೆ. ಪಂಡಿತರು ಬೇರೆ ಕಾರಣ ಕೊಡಬಹುದು.

1942ರಲ್ಲಿ ಪೆಶಾವರದ ವಾಯುಪಡೆಯ ಅಧಿಕಾರಿಗಳ ಮೆಸ್ಸಿನಲ್ಲಿ ಹಾಶಿಂ ತರಬೇತುದಾರರಾದರು. ಆ ಹೊತ್ತಿಗೆ ಪ್ರಾಯ ಇಪ್ಪತ್ತೆಂಟರ ಆಸುಪಾಸು. ಇಂದಿನ ಲೆಕ್ಕದಲ್ಲಿ ಆಟಗಾರನ ಒಳ್ಳೆಯ ದಿನಗಳು ಮುಗಿಯುತ್ತ ಬಂದ ಪ್ರಾಯ ಅದು. 1944ರಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ನಡೆದಾಗ ಅವರು ಅಲ್ಲಿಗೆ ಹೋಗಿ ಗೆದ್ದರು. ಮುಂದಿನ ಎರಡು ವರ್ಷವೂ ಪ್ರಶಸ್ತಿಯನ್ನು ಉಳಿಸಿಕೊಂಡರು.

ಮುಂಬಯಿಯಲ್ಲಿ ಅವರ ದೊಡ್ಡ ಎದುರಾಳಿ ಅಬ್ದುಲ್ ಬಾರಿ. ಇವರೂ ಪಠಾಣರು, ಹಾಶಿಂ ಅವರ ಬಳಗದವರೇ; ಮುಂಬಯಿಯ ಕ್ಲಬ್ಬಿನಲ್ಲಿ ವೃತ್ತಿಪರ ಆಟಗಾರರಾಗಿದ್ದರು. ಹಾಶಿಂ ಅವರನ್ನು ಹಲವು ಸಲ ಸೋಲಿಸಿದ್ದರು. 1947ರಲ್ಲಿ ದೇಶ ಎರಡಾಯಿತು. ಪೆಶಾವರ ಅತ್ತ ಹೋಯಿತು, ಬಾರಿ ಇತ್ತಲೇ ಉಳಿದರು. ಒಂದೇ ಬಳಗದ ಇಬ್ಬರು ಆಟಗಾರರು ಎರಡು ದೇಶದವರಾದರು. ಹಾಶಿಂ ಪಾಲಿಗೆ ಮುಂಬಯಿಯ ಪಂದ್ಯಾವಳಿ ಕೈಬಿಟ್ಟಿತು. 1949ರಲ್ಲಿ ಪಾಕಿಸ್ತಾನದ ಮೊದಲ ಚಾಂಪಿಯನ್ ಆದರೂ, ಗಡಿಯಾಚೆ ಆ ಹೆಸರನ್ನು ಕೇಳಿದವರು ಕಡಿಮೆ.

1950ರಲ್ಲಿ ಭಾರತದ ಬೆಂಬಲ ಪಡೆದು ಬಾರಿ ಬ್ರಿಟಿಷ್ ಓಪನ್ ಆಡಲು ಲಂಡನ್ನಿಗೆ ಹೋದರು. ಆಗ ವಿಶ್ವ ಚಾಂಪಿಯನ್‌ಷಿಪ್ ಎಂಬುದು ಬೇರೆ ಇರಲಿಲ್ಲ. 1976ರಲ್ಲಿ ವಿಶ್ವ ಓಪನ್ ಆರಂಭವಾಗುವವರೆಗೂ ಬ್ರಿಟಿಷ್ ಓಪನ್ನೇ ಆ ಆಟದ ಶಿಖರ. ಬಾರಿ ಫೈನಲ್‌ವರೆಗೆ ಹೋಗಿ, ನಾಲ್ಕನೆಯ ಬಾರಿಗೆ ಪ್ರಶಸ್ತಿ ಗೆದ್ದ ಈಜಿಪ್ಟಿನ ಮಹಮೂದ್ ಕರೀಂ ಅವರಿಗೆ ಸೋತರು. ಸುದ್ದಿ ಪೆಶಾವರಕ್ಕೆ ಮುಟ್ಟಿತು. ತಾನು ಮತ್ತೆ ಮತ್ತೆ ಸೋಲಿಸಿದ ಆಟಗಾರ ಜಗತ್ತಿನ ಎರಡನೆಯವನಾದರೆ ತಾನು ಯಾರು ಎಂಬ ಪ್ರಶ್ನೆ ಹಾಶಿಂ ಅವರಲ್ಲಿ ಏಳದೇ ಇರುವುದಾದರೂ ಹೇಗೆ?

ಬಾರಿಯವರ ಬಗ್ಗೆ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಯಾರೂ ಅವರನ್ನು ನೆನೆಯುವುದಿಲ್ಲ. ಅವರು ಲಂಡನ್ನಿನ ಕ್ಲಬ್ಬೊಂದರಲ್ಲಿ ತರಬೇತುದಾರರಾಗಿ ನಿಂತರು. 1954ರಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರು ಲಂಡನ್ನಿನಲ್ಲಿ ಎರಡನೆಯವರಾಗದೆ ಇದ್ದಿದ್ದರೆ ಹಾಶಿಂ ಪೆಶಾವರ ಬಿಡುತ್ತಿದ್ದರೋ ಇಲ್ಲವೋ. ನಮ್ಮ ಸ್ಕ್ವಾಷ್ ಚರಿತ್ರೆಯಲ್ಲಿ ಬಾರಿಗೆ ಇನ್ನೂ ದೊಡ್ಡ ಸ್ಥಾನ ಸಿಗಬೇಕಿತ್ತು.

ಪಾಕಿಸ್ತಾನದ ವಾಯುಪಡೆ ಹಾಶಿಂ ಅವರ ಬೆನ್ನಿಗೆ ನಿಂತಿತು. 1951ರಲ್ಲಿ ಅವರು ಬ್ರಿಟನ್ನಿಗೆ ಹೊರಟಾಗ ಪ್ರಾಯ ಮೂವತ್ತೇಳರ ಹತ್ತಿರ; ಐದೂವರೆ ಅಡಿಗೂ ಕಡಿಮೆ ಎತ್ತರ; ಇಂಗ್ಲಿಷು ಅಷ್ಟಕ್ಕಷ್ಟೆ. ಕರೀಂ ಅವರ ಆಟ ನೋಡಲು ಬಲು ಚೆಂದ ಎಂದು ಆ ಕಾಲದವರೆಲ್ಲ ಹೊಗಳಿದ್ದರು. ಎತ್ತರದ ನಿಲುವು, ಅವಸರವಿಲ್ಲದ ಹೊಡೆತ. ಹಾಶಿಂ ಆ ಅವಸರವಿಲ್ಲದ ಆಟವನ್ನೇ ಒಡೆದರು. ಯಾವ ಚೆಂಡೂ ಅವರನ್ನು ದಾಟಿ ಹೋಗಲಿಲ್ಲ. ಫೈನಲ್ಲಿನ ಮೊದಲ ಗೇಮಿನಲ್ಲಿ ಕರೀಂ ಐದು ಅಂಕ ಪಡೆದರು. ಉಳಿದ ಎರಡು ಗೇಮುಗಳಲ್ಲಿ ಒಂದು ಅಂಕವೂ ಇಲ್ಲ. 9-5, 9-0, 9-0. ಸರ್ವ್ ಮಾಡಿದವನಿಗೆ ಮಾತ್ರ ಅಂಕ ಸಿಗುತ್ತಿದ್ದ ಕಾಲವದು, ಆದ್ದರಿಂದ ಸೊನ್ನೆ ಎಂದರೆ ಒಂದೂ ಚೆಂಡು ಗೆಲ್ಲಲಿಲ್ಲ ಎಂದಲ್ಲ. ಆದರೂ ನಾಲ್ಕು ವರ್ಷದ ಚಾಂಪಿಯನ್ ಒಬ್ಬರು ಹಾಗೆ ಸೋತದ್ದು ಸಣ್ಣ ಸಂಗತಿಯಲ್ಲ.

ಅಂದಿನ ಇಂಗ್ಲೆಂಡಿನಲ್ಲಿ ಈ ಆಟಕ್ಕೆ ಎರಡು ಜಾತಿಗಳಿದ್ದವು ಎಂದರೆ ಅತಿಶಯವಲ್ಲ. ಹಣಕ್ಕಾಗಿ ಆಡದ ಹವ್ಯಾಸಿ ಒಂದು ಕಡೆ, ಕ್ಲಬ್ಬಿನ ಸಂಬಳ ಪಡೆಯುವ ವೃತ್ತಿಪರ ಇನ್ನೊಂದು ಕಡೆ. ಹವ್ಯಾಸಿಗಳ ಚಾಂಪಿಯನ್‌ಷಿಪ್ಪಿನಲ್ಲಿ ವೃತ್ತಿಪರರಿಗೆ ಪ್ರವೇಶವಿಲ್ಲ. ಇಬ್ಬರೂ ಆಡಬಹುದಾದದ್ದು ಓಪನ್ ಮಾತ್ರ. ಅದರ ಹೆಸರಿನ ಅರ್ಥವೇ ಅದು. 1930ರ ದಶಕದಲ್ಲಿ ಅದನ್ನು ಸತತ ಆರು ಬಾರಿ ಗೆದ್ದ ಈಜಿಪ್ಟಿನ ಆಮ್ರ್ ಬೇ ರಾಜತಾಂತ್ರಿಕರು, ಹವ್ಯಾಸಿ, ಸಭ್ಯ ಗೃಹಸ್ಥರೆಂದು ಎಲ್ಲೆಡೆ ಮನ್ನಣೆ ಪಡೆದವರು. ಹಾಶಿಂ ಅವರ ಎಲ್ಲ ಪ್ರಶಸ್ತಿಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು ಸೇವಕರ ಸಾಲಿನಿಂದ ಬಂದು ಗೆದ್ದರು. ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನು ಸ್ಕ್ವಾಷ್ ಕೈಬಿಟ್ಟದ್ದು 1980ರಲ್ಲಿ, ಅಂದರೆ ಅವರ ಮೊದಲ ಪ್ರಶಸ್ತಿಯಾಗಿ ಸುಮಾರು ಮೂವತ್ತು ವರ್ಷಗಳ ನಂತರ. ನಮ್ಮ ಬೆಟ್ಟದ ಕ್ಲಬ್ಬುಗಳಲ್ಲಿ ಅದು ಇನ್ನೂ ತಡವಾಯಿತು.

1951ರಿಂದ 1956ರವರೆಗೆ ಆರು ವರ್ಷ ಬ್ರಿಟಿಷ್ ಓಪನ್ ಹಾಶಿಂ ಅವರದೇ. 1957ರಲ್ಲಿ ಬಂಧು ರೋಶನ್ ಖಾನ್ ಅವರನ್ನು ಫೈನಲ್ಲಿನಲ್ಲಿ ಸೋಲಿಸಿದರು. ಮರುವರ್ಷ ಹಾಶಿಂ ಮತ್ತೆ ಗೆದ್ದರು. ಏಳನೆಯ ಪ್ರಶಸ್ತಿ, ಆಗ ಅವರಿಗೆ ನಲವತ್ತನಾಲ್ಕು ಎಂದು ಲೆಕ್ಕ. ಸ್ಕ್ವಾಷಿನಂಥ ಆಟದಲ್ಲಿ ನಲವತ್ತನಾಲ್ಕು ಎಂದರೆ ಏನೆಂದು ತಿಳಿಯಬೇಕಾದರೆ ಆ ಪ್ರಾಯದವರು ಒಮ್ಮೆ ಹತ್ತು ನಿಮಿಷ ಆಡಿ ನೋಡಬೇಕು.

ಈ ನಡುವೆ ಅವರು ಮಾಡಿದ ಇನ್ನೊಂದು ಕೆಲಸ ನನಗೆ ಪ್ರಶಸ್ತಿಗಳಷ್ಟೇ ದೊಡ್ಡದು. ತಮ್ಮ ಆಜಂ ಖಾನ್ ಟೆನಿಸ್ ಕಲಿಸುವವರಾಗಿದ್ದರು. ಅಭ್ಯಾಸಕ್ಕೆ ತಕ್ಕ ಜೊತೆಗಾರ ಬೇಕಾಗಿ ಹಾಶಿಂ ಅವರನ್ನು ಸ್ಕ್ವಾಷ್ ಕೋರ್ಟಿಗೆ ಎಳೆತಂದರು. ಕಲಿಸಿದ್ದು ಎಷ್ಟು ಚೆನ್ನಾಗಿತ್ತೆಂದರೆ 1954 ಮತ್ತು 1955ರ ಫೈನಲ್ಲುಗಳಲ್ಲಿ ಅಣ್ಣ ತಮ್ಮಂದಿರೇ ಎದುರುಬದುರಾದರು. ಎರಡೂ ಪಂದ್ಯ ಐದು ಗೇಮಿನವರೆಗೆ ಹೋದವು, ಎರಡರಲ್ಲೂ ಅಣ್ಣ ಗೆದ್ದರು. ಕುಟುಂಬದಲ್ಲಿ ಹಿರಿಯರಿಗೆ ಕಿರಿಯರು ದಾರಿ ಬಿಡುವುದು ರೂಢಿಯಾದ್ದರಿಂದ ಆಜಂ ಪೂರ್ತಿ ಶಕ್ತಿ ಹಾಕಿ ಆಡಲಿಲ್ಲ ಎಂಬ ಗುಮಾನಿ ಆಗಿನಿಂದಲೂ ಇದೆ. ಇರಬಹುದು, ಇಲ್ಲದಿರಬಹುದು. ಅಣ್ಣ ಬಿಟ್ಟ ಮೇಲೆ 1959ರಿಂದ 1962ರವರೆಗೆ ಆಜಂ ಸತತ ನಾಲ್ಕು ಬಾರಿ ಗೆದ್ದದ್ದಂತೂ ನಿಜ. 1963ರಲ್ಲಿ ಗೆದ್ದ ಮೊಹಿಬುಲ್ಲಾ ಖಾನ್ ಇದೇ ಬಳಗದವರು. ಹೀಗೆ ಹದಿಮೂರು ವರ್ಷ ಆ ಪ್ರಶಸ್ತಿ ಒಂದೇ ಬಳಗದ ಕೈಯಲ್ಲಿ ಉಳಿಯಿತು. ಮುಂದೆ ರೋಶನ್ ಅವರ ಮಗ ಜಹಾಂಗೀರ್ ಅದನ್ನು ಹತ್ತು ಬಾರಿ ಗೆದ್ದರು. ನವಾಕಿಲೆಯವರೇ ಆದ ಜಾನ್‌ಶೇರ್ ಖಾನ್ ಆರು ಬಾರಿ ಗೆದ್ದರು. ಒಂದು ಹಳ್ಳಿಯಿಂದ ಇಷ್ಟು ಮಂದಿ! ರಕ್ತದ ಗುಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಕ್ಲಬ್ಬಿನ ಕೆಲಸ ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ದಾಟುತ್ತಿತ್ತು. ಕೋರ್ಟಿನ ಬಾಗಿಲು ಆ ಮನೆಗಳ ಮಕ್ಕಳಿಗೆ ಖಾಲಿ ಹೊತ್ತಿನಲ್ಲಾದರೂ ತೆರೆದಿತ್ತು. ನನಗೆ ಈ ಕಾರಣವೇ ಹೆಚ್ಚು ನಿಜವೆನಿಸುತ್ತದೆ.

ಕೊನೆಯ ಅರ್ಧ ಬದುಕು ಅಮೆರಿಕದಲ್ಲಿ ಕಳೆಯಿತು. ಅಲ್ಲಿ ಆಗ ಆಡುತ್ತಿದ್ದ ಸ್ಕ್ವಾಷ್ ಬೇರೆಯದು: ಕೋರ್ಟು ಕಿರಿದು, ಚೆಂಡು ಗಟ್ಟಿ, ವೇಗ ಹೆಚ್ಚು. 1954ರಲ್ಲಿ ಮೊದಲ ಅಮೆರಿಕ ಓಪನ್ ಫೈನಲ್ಲಿನಲ್ಲಿ ಹಾಶಿಂ ಹೆನ್ರಿ ಸಲೌನ್ ಅವರಿಗೆ ಸೋತರು. ಆ ಚೆಂಡಿಗೂ ಒಗ್ಗಿಕೊಂಡು 1956, 1957 ಮತ್ತು 1963ರಲ್ಲಿ ಗೆದ್ದರು. ಅರವತ್ತರ ದಶಕದ ಆರಂಭದಲ್ಲಿ ಡೆಟ್ರಾಯಿಟ್ ನಗರದ ಕ್ಲಬ್ಬೊಂದು ಒಳ್ಳೆಯ ಸಂಬಳ ಕೊಟ್ಟು ಕರೆಯಿತು, ಅನಂತರ ಡೆನ್ವರ್. ಹನ್ನೆರಡು ಮಕ್ಕಳ ದೊಡ್ಡ ಸಂಸಾರ. ಮಗ ಷರೀಫ್ ಉತ್ತರ ಅಮೆರಿಕದ ಓಪನ್ ಪ್ರಶಸ್ತಿಯನ್ನು ಹನ್ನೆರಡು ಬಾರಿ ಗೆದ್ದರು. ಮುಪ್ಪಿನಲ್ಲೂ ಹಾಶಿಂ ಕೋರ್ಟು ಬಿಡಲಿಲ್ಲ. 2014ರ ಆಗಸ್ಟ್ 18ರಂದು ಡೆನ್ವರಿನ ಪಕ್ಕದ ಅರೋರಾದಲ್ಲಿ ತೀರಿಕೊಂಡಾಗ ನೂರು ವರ್ಷ ಎಂದು ಪತ್ರಿಕೆಗಳು ಬರೆದವು, ಸುಮಾರು ಎಂಬ ಮಾತನ್ನು ಸೇರಿಸಿ.

ಆ ಸುದ್ದಿ ಓದಿದಾಗ ನನಗೆ ನಮ್ಮ ಜಿಲ್ಲೆಯ ಇನ್ನೊಂದು ಹೆಸರು ನೆನಪಾಯಿತು. ಕೊಡಗು ಮೂಲದ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಕುಟುಂಬಕ್ಕೆ ಸೇರಿದ ಜೋಶ್ನಾ ಚಿಣ್ಣಪ್ಪ ಅದೇ ತಿಂಗಳ ಆರಂಭದಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಡಬಲ್ಸ್ ಚಿನ್ನ ಗೆದ್ದಿದ್ದರು. ಹದಿನಾಲ್ಕರ ಪ್ರಾಯದಲ್ಲೇ ರಾಷ್ಟ್ರೀಯ ಚಾಂಪಿಯನ್ ಆದವರು ಅವರು. ಹಿಂದಿನ ತಲೆಮಾರುಗಳಿಂದ ಮನೆಯಲ್ಲಿ ಸ್ಕ್ವಾಷ್ ಇತ್ತು, ತಂದೆಯೇ ಆಟ ಕಲಿಸಿದವರು. ಅವರ ಗೆಲುವಿಗೆ ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಇಲ್ಲೂ ಆಟ ತಂದೆಯಿಂದ ಮಗಳಿಗೆ ಬಂತು. ಆದರೆ ನಮ್ಮ ಕಡೆ ಕೋರ್ಟು ಗುಡಿಸಿದವರ ಮನೆಯಿಂದ ಒಬ್ಬ ಚಾಂಪಿಯನ್ ಬಂದದ್ದನ್ನು ನಾನು ಕಂಡಿಲ್ಲ. ಹಾಕಿಯಲ್ಲಿ ಹಾಗಲ್ಲ. ಬಯಲಿಗೆ ಬಾಗಿಲಿಲ್ಲವಾದ್ದರಿಂದ ಕೊಡಗಿನ ಎಷ್ಟೋ ಸಾಮಾನ್ಯ ಮನೆಗಳ ಹುಡುಗರು ದೇಶಕ್ಕೆ ಆಡಿದರು. ಸ್ಕ್ವಾಷಿಗೆ ನಾಲ್ಕು ಗೋಡೆ ಬೇಕು, ಗೋಡೆ ಇದ್ದಲ್ಲಿ ಬೀಗ ಇರುತ್ತದೆ. ನನ್ನ ತಂದೆ ಹುಡುಗನಾಗಿದ್ದಾಗ ಒಂದು ಮಧ್ಯಾಹ್ನ ಖಾಲಿ ಕೋರ್ಟಿಗೆ ಇಳಿದು ಚೆಂಡು ಹೊಡೆದು ನೋಡಿದ್ದರಂತೆ. ಅಷ್ಟಕ್ಕೇ ಅಜ್ಜನ ಒಂದು ವಾರದ ಸಂಬಳ ಹೋಯಿತು. ತಂದೆ ಮತ್ತೆ ರ‍್ಯಾಕೆಟ್ ಮುಟ್ಟಲಿಲ್ಲ. ಪೆಶಾವರದ ಸಾಹೇಬರು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದದ್ದು ಹಾಶಿಂ ಅವರ ಪುಣ್ಯ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸ್ಕ್ವಾಷ್ ಮೊದಲ ಬಾರಿ ಸೇರಿದೆ. ಆಟಗಾರರನ್ನು ಎಲ್ಲಿ ಹುಡುಕಬೇಕೆಂದು ಯೋಚಿಸುವವರು ಜಿಲ್ಲೆಗೊಂದು ಸಾರ್ವಜನಿಕ ಕೋರ್ಟು ಕಟ್ಟಿಸುವುದರಿಂದ ಆರಂಭಿಸಬಹುದು.

1986ರ ಕೊನೆಯಲ್ಲಿ, ಕಾಫಿ ಕೊಯ್ಲು ಆರಂಭವಾದ ದಿನಗಳಲ್ಲಿ, ಸ್ನೇಹಿತರೊಬ್ಬರ ಅತಿಥಿಯಾಗಿ ನನಗೆ ಅದೇ ಕ್ಲಬ್ಬಿಗೆ ಹೋಗುವ ಅವಕಾಶ ಬಂತು. ಅಜ್ಜನನ್ನೂ ಕರೆದುಕೊಂಡು ಹೋದೆ. ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು. ಐದು ವರ್ಷದಿಂದ ಸೋಲದೆ ಬಂದಿದ್ದ ಜಹಾಂಗೀರ್ ಆ ನವೆಂಬರಿನಲ್ಲಷ್ಟೇ ವಿಶ್ವ ಓಪನ್ ಫೈನಲ್ಲಿನಲ್ಲಿ ರಾಸ್ ನಾರ್ಮನ್ ಅವರಿಗೆ ಸೋತಿದ್ದರು. ದಾರಿಯುದ್ದಕ್ಕೂ ಅಜ್ಜನಿಗೆ ರೋಶನ್ ಮಗನ ಸೋಲಿನದೇ ಚಿಂತೆ. ಮುಂಬಾಗಿಲಿನಲ್ಲಿ ಅವರನ್ನು ಯಾರೂ ತಡೆಯಲಿಲ್ಲ, ಗುರುತಿಸುವವರೂ ಉಳಿದಿರಲಿಲ್ಲ. ಕೋರ್ಟಿನ ಬಾಗಿಲ ಬಳಿ ಅವರು ಬಗ್ಗಿ ಚಪ್ಪಲಿ ಬಿಚ್ಚಿದರು. ಭಕ್ತಿಗಲ್ಲ, ಅವರು ಆಡಿದ್ದೆಲ್ಲ ಬರಿಗಾಲಿನಲ್ಲಿ. ನನ್ನ ಕೈಯಿಂದ ರ‍್ಯಾಕೆಟ್ ತೆಗೆದುಕೊಂಡು, ಚೆಂಡು ಬಿಸಿಯಾಗುವವರೆಗೆ ಗೋಡೆಗೆ ಹೊಡೆಯುತ್ತಲೇ ಹೋದರು. ಆಮೇಲೆ ನನ್ನನ್ನು ಎದುರು ನಿಲ್ಲಿಸಿಕೊಂಡು ಒಂದು ಗೇಮ್ ಆಡಿದರು. ನನಗೆ ಎರಡು ಅಂಕ ಸಿಕ್ಕಿತು. ಆ ಎರಡನ್ನೂ ಅವರು ಬಿಟ್ಟುಕೊಟ್ಟದ್ದೋ ನಾನು ಗೆದ್ದದ್ದೋ ಎಂದು ಮನೆಗೆ ಬರುವ ಬಸ್ಸಿನಲ್ಲಿ ಕೇಳಿದೆ. ಅವರು ಕಿಟಕಿಯಿಂದ ತೋಟ ನೋಡುತ್ತಿದ್ದರು.